ಬೆಕ್ಕಿಗೊಂದು ತುತ್ತು

ಶನಿವಾರ ಬೆಳಿಗ್ಗೆ ಕಾಲಾನೇರಾ ಊರಿನ ದಕ್ಕೆಯಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಮುದುಕ ಮೀಕೊ ತಲೆಯೆತ್ತಿ ಆಕಾಶ ನೋಡಿ ಮೂಗು ಮುರಿದ. ಆಮೇಲೆ ಮಾಸಿನೋನ ಹೊಸ ದೋಣಿಯಲ್ಲಿ ಯಾರ್ಯಾರು ಕೂತಿದ್ದಾರೆಂದು ನೋಡಿದ.

"ನೀರಿನ್ನೂ ಬೆಚ್ಚಗಿದೆ, ಮೇಲಿನ ಗಾಳಿ ತಣ್ಣಗಾಗೋಯ್ತು. ಇಲಿಬಾಲ ಇಳಿಯೋ ಹವಾ ಇದು," ಎಂದ. "ಬಾಸ್ತಿಯಾನೋ ಬರ್ತಿದಾನಾ?"

"ಇಲ್ಲೇ ಇದೀನಿ ಮಾವ," ಎಂದ ಬಾಸ್ತಿಯಾನೋ.

"ಹಾಗಾದ್ರೆ ಸರಿ, ಹೋಗ್ಬನ್ನಿ," ಎಂದು ಮುದುಕ ಮತ್ತೆ ಬಲೆಗೆ ಬಗ್ಗಿದ.

ಇಲಿಬಾಲವೆಂದರೆ ಆ ಕಡಲಿನ ಬೆಸ್ತರು ನೀರಿನ ಸುಳಿಗಂಬಕ್ಕೆ ಇಟ್ಟಿರುವ ಹೆಸರು. ಕರಿಮೋಡದ ಹೊಟ್ಟೆಯಿಂದ ಸಣ್ಣದೊಂದು ಬಾಲ ಇಳಿಯುತ್ತದೆ. ಅದು ನೀರು ಮುಟ್ಟಿತೋ, ಕಡಲೇ ಗಿರ್ರನೆ ತಿರುಗುತ್ತ ಮೇಲಕ್ಕೇಳುತ್ತದೆ. ದೊಡ್ಡ ಹಡಗಿನವರು ಕಟಕಟೆಗೆ ಒರಗಿ ಅದರ ಫೋಟೋ ತೆಗೆಯುತ್ತಾರೆ. ಮರದ ಸಣ್ಣ ದೋಣಿಯವನ ಮೇಲೆ ಬಂತೆಂದರೆ ಅವನ ಕತೆ ಮುಗಿಯಿತು. ಆದರೆ ಅದಕ್ಕೂ ಒಂದು ಮದ್ದಿದೆ. ಕರಿ ಹಿಡಿಯ ಚಾಕು ಎತ್ತಿ, ಗುಟ್ಟಿನ ಮಾತನ್ನು ಸದ್ದಿಲ್ಲದೆ ತುಟಿಯಲ್ಲೇ ಹೇಳಿ, ಗಾಳಿಯನ್ನು ಕತ್ತರಿಸಿದರೆ ಬಾಲ ತುಂಡಾಗಿ ಬೀಳುತ್ತದೆ. ಆ ಮಾತನ್ನು ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಮಾತ್ರ ಕಲಿಸಬೇಕು, ಬೇರೆ ಯಾವ ದಿನ ಬಾಯಿಬಿಟ್ಟರೂ ಅದರ ಕಸುವು ಹೋಯಿತು. ಕಾಲಾನೇರಾದಲ್ಲಿ ಆ ಮಾತು ಬಲ್ಲವನೆಂದರೆ ಕಾರ್ಮೆಲೋ ತಾತ ಒಬ್ಬನೇ. ತಾತ ಸತ್ತ ಮೇಲೆ ಮೊಮ್ಮಗ ಬಾಸ್ತಿಯಾನೋ. ಅವನು ಕಡಲಿಗಿಳಿದ ದಿನ ಊರಿನ ಉಳಿದ ದೋಣಿಗಳೂ ಅವನ ಹಿಂದೆಯೇ ಇಳಿಯುತ್ತಿದ್ದವು.

ಎಲ್ಲ ಸರಿ, ತೊಂದರೆ ಒಂದೇ. ಬಾಸ್ತಿಯಾನೋನಿಗೆ ಆ ಮಾತು ಗೊತ್ತಿರಲಿಲ್ಲ.

ಗೊತ್ತಾಗುವುದಾದರೂ ಹೇಗೆ? "ಈ ಕ್ರಿಸ್‌ಮಸ್ಸಿಗೆ ಹೇಳ್ಕೊಡ್ತೀನಿ, ಈಗ ಮೀಸೆ ಬಂತಲ್ಲ ನಿಂಗೆ," ಎಂದಿದ್ದ ತಾತ ಕ್ರಿಸ್‌ಮಸ್ಸಿಗೆ ಇನ್ನೇನು ಒಂದು ವಾರವಿದೆ ಎನ್ನುವಾಗ ಬಲೆಯ ಮೇಲೆ ಕುಸಿದುಬಿದ್ದು ಹೋಗಿಬಿಟ್ಟ. ಹೆಣದ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತ ಬೆಸ್ತರೆಲ್ಲ ಬಾಸ್ತಿಯಾನೋನ ಮುಖವನ್ನೇ ನೋಡಿದರು. "ಕೊಟ್ಟು ಹೋದನೇನಪ್ಪಾ?" ಎಂದು ಮೀಕೊ ಮೆಲ್ಲಗೆ ಕೇಳಿದ. ಇಲ್ಲವೆಂದರೆ ತಾತನ ಹೆಸರಿಗೇ ಮಸಿ. ಮಾತು ದಾಟಿಸದೆ ಸತ್ತ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಹುಡುಗ ತಲೆ ಆಡಿಸಿದ. ಅಷ್ಟೇ. ಒಂದು ಮಾತು ಆಡಲಿಲ್ಲ, ಬರೀ ತಲೆ ಆಡಿಸಿದ. ಆ ತಲೆ ಆಡಿಸಿದ್ದು ಅವನ ಬೆನ್ನು ಬಿಡಲಿಲ್ಲ. ಮೋಡ ಕಂಡ ದಿನ ಹೊಟ್ಟೆನೋವು, ಬೆನ್ನುನೋವು ಎಂದು ನೆಪ ಹೂಡಿ ಮನೆಯಲ್ಲಿ ಉಳಿಯುವುದನ್ನು ಕಲಿತ. ಅವನ ಪುಣ್ಯವೋ ಊರಿನ ಪುಣ್ಯವೋ, ಅಷ್ಟು ವರ್ಷ ಒಂದು ಬಾಲವೂ ಹತ್ತಿರ ಸುಳಿಯಲಿಲ್ಲ. ಬಾಸ್ತಿಯಾನೋನ ಹೆಸರು ಕೇಳಿಯೇ ಓಡಿಹೋಗುತ್ತವೆ ಎಂದರು ಜನ.

ಅಷ್ಟಕ್ಕೇ ನಿಂತಿದ್ದರೆ ಅದು ಅವನೊಬ್ಬನ ಹಣೆಬರಹವಾಗುತ್ತಿತ್ತು. ಹೋದ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುವಾಗ ಮಾಸಿನೋ ಬಂದು ಕೈ ಹಿಡಿದುಕೊಂಡ. ಚಡ್ಡಿ ಹಾಕುವ ಕಾಲದಿಂದ ಗೆಳೆಯ. ಅವನಪ್ಪನನ್ನು ಕಡಲೇ ನುಂಗಿತ್ತು, ಹಾಗಾಗಿ ಮೊಣಕಾಲುದ್ದ ನೀರಿಗೂ ಹೆದರುತ್ತಿದ್ದವನು. ಇಟ್ಟಿಗೆ ಭಟ್ಟಿ ಮುಚ್ಚಿ ಕೆಲಸ ಹೋದ ಮೇಲೆ ಬೇರೆ ದಾರಿ ಕಾಣದೆ ಪ್ರವಾಸಿಗರನ್ನು ಸುತ್ತಾಡಿಸಲು ದೋಣಿ ಕೊಂಡಿದ್ದ.

"ನಂಗೂ ಹೇಳ್ಕೊಡೋ ಬಾಸ್ತಿ. ಚೆಟ್ಟಿನಾ ರಾತ್ರಿಯೆಲ್ಲ ಕಣ್ಣು ಮುಚ್ಚಲ್ಲ, ನಮ್ಮಪ್ಪನ ತರ ನಾನೂ ಹೋಗ್ಬಿಡ್ತೀನಿ ಅಂತಾಳೆ. ನಿಂಗೆ ಗೊತ್ತಿರೋದನ್ನ ನಂಗೆ ಹೇಳ್ಕೊಟ್ರೆ ನಿಂದೇನು ಕಮ್ಮಿಯಾಗುತ್ತೆ?"

ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವೆಂದರೆ ಅದೇ. ಆಗಲ್ಲ ಎಂದರೆ ಗೆಳೆತನ ಹೋಯಿತು, ಗೊತ್ತಿಲ್ಲ ಎಂದರೆ ಮಾನವೇ ಹೋಯಿತು. ಬಾಸ್ತಿಯಾನೋ ಅವನನ್ನು ಚರ್ಚಿನ ಗೋಡೆಯ ಮರೆಗೆ ಎಳೆದು ಕಿವಿಯಲ್ಲಿ ಬಾಯಿಗೆ ಬಂದದ್ದನ್ನು ಉಸುರಿದ. ಬಾಯಿಗೆ ಬಂದದ್ದು ಅವನಜ್ಜಿ ಅವನಿಗೆ ಊಟ ಮಾಡಿಸುವಾಗ ಹಾಡುತ್ತಿದ್ದ ಪದ:

ಬೆಕ್ಕಿಗೊಂದು ತುತ್ತು, ಹಕ್ಕಿಗೊಂದು ತುತ್ತು, ಮಿಕ್ಕಿದ್ದೆಲ್ಲ ಒಲೆಯ ಹಿಂದೆ ಅಡಗಿ ಕೂತ ಕಳ್ಳನಿಗೆ.

"ಇಷ್ಟೇನಾ?" ಎಂದು ಮಾಸಿನೋ ಕಣ್ಣರಳಿಸಿದ್ದ.

"ದೊಡ್ಡ ಮಾತು ಸಣ್ಣಗೇ ಇರುತ್ತೆ. ಯಾರಿಗೂ ಕೇಳಿಸ್ಬಾರದು, ತುಟಿ ಮಾತ್ರ ಆಡ್ಬೇಕು."

ಮಾಸಿನೋ ಕಣ್ಣಿಗೊತ್ತಿಕೊಳ್ಳುವವನ ಹಾಗೆ ಅವನ ಕೈಗೆ ಮುತ್ತಿಟ್ಟ. ಅಂದಿನಿಂದ ಮಾಸಿನೋನ ಹೆಂಡತಿ ಚೆಟ್ಟಿನಾ ಕಣ್ತುಂಬ ನಿದ್ದೆ ಮಾಡಿದಳು, ಬೇಸಗೆಯ ಹೊತ್ತಿಗೆ ಬಸುರಿಯೂ ಆದಳು. ಹುಟ್ಟುವ ಮಗುವಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸುವಾಗ ಅದನ್ನು ಎತ್ತಿಕೊಳ್ಳುವ ಜ್ಞಾನತಂದೆ ಬಾಸ್ತಿಯಾನೋನೇ ಎಂದು ಮಾತಾಯಿತು. ಆಗಲೇ ಮಾಸಿನೋ ಅವನನ್ನು "ಕುಂಪಾರಿ" ಎಂದು ಕರೆಯತೊಡಗಿದ. ಆ ಊರಲ್ಲಿ ಮಗುವಿನ ಅಪ್ಪ ಮಗುವಿನ ಜ್ಞಾನತಂದೆಯನ್ನು ಕರೆಯುವುದೇ ಹಾಗೆ, ಆ ನಂಟು ರಕ್ತಸಂಬಂಧಕ್ಕಿಂತ ಹೆಚ್ಚು.

ಈ ಶನಿವಾರ ಅವರು ಹೊರಟಿದ್ದೂ ಬಸುರಿಯ ಬಯಕೆಗೆ. ಚೆಟ್ಟಿನಾಳಿಗೆ ಪಿತ್ಸೋ ಊರಿನ ಐಸ್‌ಕ್ರೀಮು ಬೇಕು, ಅದೂ ಆ ಊರಿನ ಚೌಕದಲ್ಲೇ ಕೂತು ತಿನ್ನಬೇಕು. ಬಯಕೆ ತೀರಿಸದಿದ್ದರೆ ಅವಳು ಮೈ ಮುಟ್ಟಿಕೊಂಡಲ್ಲೆಲ್ಲ ಮಗುವಿಗೆ ಮಚ್ಚೆ ಬೀಳುತ್ತದೆ. ಬಸುರಿಯ ಬಯಕೆಗೆ ಎದುರಾಡುವ ಗಂಡಸು ಕಾಲಾನೇರಾದಲ್ಲಿ ಇನ್ನೂ ಹುಟ್ಟಿಲ್ಲ. ನಾಲ್ಕನೆಯವನು ಫುಲ್ವಿಯೋ. ಇವರದೇ ಬೀದಿಯ ಹುಡುಗ, ದೂರದ ಬಡಗಣ ನಗರ ತೊರಿನೋದ ಕಾರ್ಖಾನೆಯಲ್ಲಿ ಎಂಜಿನಿಯರು, ರಜೆಗೆ ಬಂದಿದ್ದ.

"ಲೋ ಫುಲ್ವಿಯೋ, ತೊರಿನೋದಲ್ಲಿ ಕಡಲಿದೆಯೇನೋ?" ಎಂದು ಚೆಟ್ಟಿನಾ ಕಿಚಾಯಿಸಿದಳು.

"ಮಂಜಿದೆಯಲ್ಲ. ಅದ್ರಲ್ಲೇ ಈಜ್ತೀವಿ."

"ಹೆಣ್ಣು ಸಿಗ್ಲಿಲ್ವಾ ಇನ್ನೂ?"

"ಆ ಮಂಜಲ್ಲಿ ಎಲ್ಲಿ ಕಾಣುತ್ತೆ ಹೆಣ್ಣು?"

ನಕ್ಕರು. ದೋಣಿ ಬಂಡೆಯ ದಂಡೆಗುಂಟ ಬಡಗಣಕ್ಕೆ ಸಾಗಿತು. ಒಣರೊಟ್ಟಿಯನ್ನು ಕಡಲನೀರಲ್ಲೇ ಅದ್ದಿ, ಟೊಮ್ಯಾಟೊ ಹಿಂಡಿ, ಕೆಂಪು ಈರುಳ್ಳಿ ಕಚ್ಚಿಕೊಂಡು, ಬೆಣ್ಣೆಯಂತೆ ಮೆತ್ತಗಿನ ಖಾರದ ಸಾಸೇಜು ಸವರಿ ತಿಂದರು. ಚೆಟ್ಟಿನಾ ತನ್ನ ಪಾಲು ತಿಂದು ಗಂಡನ ಪಾಲಿಗೂ ಕೈಹಾಕಿದಳು. ಬಾಸ್ತಿಯಾನೋ ಮಾತ್ರ ಕೈಯಲ್ಲಿದ್ದ ತುತ್ತನ್ನು ಮೀನಿಗೆ ಎಸೆದ. ಪಡುವಣದಲ್ಲಿ ಸ್ತ್ರೊಂಬೋಲಿ ದ್ವೀಪದ ಮೇಲೆ ಮೋಡ ಕಟ್ಟುತ್ತಿತ್ತು, ಅಡಿ ಚಪ್ಪಟೆ, ಮಸಿ ಹಿಡಿದ ತಳದ ಬಾಣಲೆಯ ಹಾಗೆ.

"ಕುಂಪಾರಿ ಯಾಕೋ ಸುಮ್ನಿದಾನೆ," ಎಂದ ಮಾಸಿನೋ ಚುಕ್ಕಾಣಿಯಿಂದ.

"ದಡ ಹಿಡ್ಕೊಂಡು ಹೋಗೋ. ಯಾಕೆ ಇಷ್ಟು ಹೊರಗೆ ಬಂದಿದೀಯ?"

"ಅಯ್ಯೋ, ಇಬ್ಬಿಬ್ರು ಇದೀವಿ ದೋಣೀಲಿ. ಹೆದರ್ಬೇಕಾದ್ದು ಮೋಡ!"

ಮೊಣಕಾಲುದ್ದ ನೀರಿಗೆ ಹೆದರುತ್ತಿದ್ದವನ ಬಾಯಲ್ಲಿ ಈ ಮಾತು! ಇವನಿಗೆ ಈ ಧೈರ್ಯ ಕೊಟ್ಟವನು ತಾನೇ ಎಂದುಕೊಂಡ ಬಾಸ್ತಿಯಾನೋ. ಪೊಳ್ಳು ಧೈರ್ಯ.

ವಾಟಿಕಾನೋ ಭೂಶಿರ ಹತ್ತಿರವಾಗುತ್ತಿದ್ದ ಹಾಗೆ ಗಾಳಿ ನಿಂತಿತು. ಮೊದಲು ಕಂಡವನು ಫುಲ್ವಿಯೋ. ಸಿಗರೇಟು ಬಾಯಿಂದ ತೆಗೆದು ಪಡುವಣಕ್ಕೆ ಬೆರಳು ತೋರಿಸಿದ. ಮೋಡದ ಅಡಿಯಿಂದ ಬೂದುಬಣ್ಣದ ಎಳೆಯೊಂದು ಇಳಿದಿತ್ತು. ಕೆಳಗೆ ನೀರು ಬೆಳ್ಳಗೆ ಕುದಿಯುತ್ತಿತ್ತು. ನೋಡನೋಡುತ್ತಿದ್ದಂತೆ ಎಳೆ ಹಗ್ಗವಾಯಿತು.

"ಮಾಸಿನೋ, ತಿರುಗಿಸು! ದಡಕ್ಕೆ ತಿರುಗಿಸೋ!" ಎಂದು ಬಾಸ್ತಿಯಾನೋ ಕಿರುಚಿದ.

ಮಾಸಿನೋ ತಿರುಗಿಸಲಿಲ್ಲ. ಚುಕ್ಕಾಣಿಯನ್ನು ಫುಲ್ವಿಯೋನ ಕೈಗಿತ್ತು, ಪೆಟ್ಟಿಗೆಯಿಂದ ಕರಿ ಹಿಡಿಯ ಚಾಕು ತೆಗೆದು, ದೋಣಿಯ ಮೂತಿಗೆ ಹೋಗಿ ಕಾಲಗಲಿಸಿ ನಿಂತ. ಅವನ ಮುಖದಲ್ಲಿ ಹೊಸ ಬಟ್ಟೆ ತೊಟ್ಟ ಮಗುವಿನ ಸಂಭ್ರಮವಿತ್ತು. "ನೀ ಸುಮ್ನಿರು ಕುಂಪಾರಿ. ಇದು ನಂದು," ಎಂದ.

ಅವನ ತುಟಿಗಳು ಆಡುವುದನ್ನು ಬಾಸ್ತಿಯಾನೋ ನೋಡಿದ. ಒಂದೊಂದು ಮಾತೂ ಅವನಿಗೆ ಗೊತ್ತಾಯಿತು. ಬೆಕ್ಕಿಗೊಂದು. ಹಕ್ಕಿಗೊಂದು. ಚೆಟ್ಟಿನಾ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಗಂಡನನ್ನೇ ನೋಡುತ್ತಿದ್ದಳು, ಅವಳ ಕಣ್ಣಲ್ಲಿ ಹೆದರಿಕೆಯೇ ಇರಲಿಲ್ಲ. ಚಾಕು ಅಡ್ಡ ಬೀಸಿತು, ಉದ್ದ ಬೀಸಿತು. ಹಗ್ಗ ನಡುವಲ್ಲಿ ಸಣ್ಣಗಾಯಿತು, ಬಾಗಿತು, ಬಿಟ್ಟುಕೊಂಡಿತು. ಮೇಲಿನ ತುಂಡು ಮೋಡ ಸೇರಿತು, ಕೆಳಗಿನದು ನೀರಾಗಿ ಸುರಿಯಿತು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಇಲಿಬಾಲ ಹಾಗೇ, ಹತ್ತರಲ್ಲಿ ಒಂಬತ್ತು ತಮ್ಮಷ್ಟಕ್ಕೆ ತಾವೇ ಸಾಯುತ್ತವೆ. ಆದರೆ ಅದನ್ನು ಯಾರಿಗೆ ಹೇಳುವುದು? ಚೆಟ್ಟಿನಾ ಗಂಡನ ಕುತ್ತಿಗೆಗೆ ಜೋತುಬಿದ್ದಿದ್ದಳು. ಫುಲ್ವಿಯೋ ಕೂಡ ಬಾಯಿಬಿಟ್ಟುಕೊಂಡು ನಿಂತಿದ್ದ.

"ನಾ ಇದನ್ನೆಲ್ಲ ನಂಬಲ್ಲ," ಎಂದ, ಲಂಗರಿನ ಕಬ್ಬಿಣವನ್ನು ಮುಟ್ಟಿ ಮುಟ್ಟಿ ನೋಡುತ್ತ.

"ಮತ್ತೆ ಕಬ್ಬಿಣ ಯಾಕೋ ಮುಟ್ತೀಯ?" ಎಂದಳು ಚೆಟ್ಟಿನಾ.

"ಮುಟ್ಟಿದ್ರೆ ಗಂಟೇನು ಹೋಗುತ್ತೆ?"

ಮಾಸಿನೋ ಓಡಿಬಂದು ಬಾಸ್ತಿಯಾನೋನನ್ನು ತಬ್ಬಿಕೊಂಡ. "ನೋಡ್ದಾ? ನೋಡ್ದಾ? ನಮ್ಮಪ್ಪಂಗೆ ಈ ಮಾತು ಗೊತ್ತಿದ್ದಿದ್ರೆ ಇವತ್ತೂ ಬದುಕಿರ್ತಿದ್ದ ಕಣೋ!" ಎಂದು ಅತ್ತೇಬಿಟ್ಟ.

ಸಂಜೆ ಪಿತ್ಸೋದ ಚೌಕದಲ್ಲಿ ಐಸ್‌ಕ್ರೀಮು ಬಂತು. ಒಳಗೆ ಕರಗಿದ ಚಾಕೊಲೇಟಿದ್ದ ಕಂದು ಉಂಡೆಯನ್ನು ಚೆಟ್ಟಿನಾ ಕಣ್ಣು ಮುಚ್ಚಿ ತಿಂದಳು, ಇನ್ನೊಂದು ತರಿಸಿಕೊಂಡಳು. ಮಾಸಿನೋ ಮಾತ್ರ ಕೂರಲೇ ಇಲ್ಲ. ಪಕ್ಕದ ಮೇಜಿನವರಿಗೆ, ಕಾಫಿ ಅಂಗಡಿಯವನಿಗೆ, ಇಸ್ಪೀಟು ಆಡುತ್ತಿದ್ದ ಬೆಸ್ತರಿಗೆ, ಎಲ್ಲರಿಗೂ ಕತೆ ಹೇಳಿದ. ಹೇಳಿದ ಸಲವೆಲ್ಲ ಬಾಲ ದಪ್ಪವಾಗುತ್ತ ಹೋಯಿತು. "ನಂಗೆ ಕಲಿಸಿದ ಗುರು ಇವನು! ಕಾಲಾನೇರಾದ ಕಾರ್ಮೆಲೋ ತಾತನ ಮೊಮ್ಮಗ!" ಎಂದು ಬಾಸ್ತಿಯಾನೋನನ್ನು ಎಳೆದು ತೋರಿಸಿದ. ಪಿತ್ಸೋದ ಮುದುಕರಿಗೂ ತಾತನ ಹೆಸರು ಗೊತ್ತಿತ್ತು. ಎದ್ದು ನಿಂತು ಕೈ ಕುಲುಕಿದರು, ವೈನು ತರಿಸಿದರು. ಆ ವೈನು ಅವನಿಗೆ ಬೇವಿನ ಕಷಾಯವಾಯಿತು.

ಏನಾದರೂ ಮಾಡಿ ಇವನನ್ನು ತಡೆಯಬೇಕು. ನಿಜ ಹೇಳಲು ನಾಲಿಗೆ ಏಳಲಿಲ್ಲ, ಹಾಗಾಗಿ ಹಳೆಯ ಸುಳ್ಳಿಗೊಂದು ಹೊಸ ಸುಳ್ಳಿನ ತೇಪೆ ಹಾಕಿದ. "ಒಂದ್ಸಲ ಕತ್ತರಿಸಿದ ಮೇಲೆ ಮಾತಿಗೆ ಸುಸ್ತಾಗುತ್ತೆ ಕಣೋ. ಮುಂದಿನ ಕ್ರಿಸ್‌ಮಸ್‌ವರೆಗೆ ಅದು ಕೆಲಸ ಮಾಡಲ್ಲ. ನಾಳೆ ಬೇಡ, ಹವಾ ತಿಳಿಯಾದ್ಮೇಲೆ ಹೋಗೋಣ."

ಮಾಸಿನೋ ಯೋಚಿಸಿದ. ಆಮೇಲೆ ಅವನ ಮುಖ ಅರಳಿತು. "ನಂದು ಸುಸ್ತಾಗಿದ್ರೇನು? ನಿಂದು ಹಾಗೇ ಇದೆಯಲ್ಲ! ನೀನು ಒಂದನ್ನೂ ಕತ್ತರಿಸಿಲ್ಲ ಇಲ್ಲೀವರೆಗೆ. ನಾಳೆ ನಿನ್ನ ಸರದಿ ಕುಂಪಾರಿ!"

ಸುತ್ತಲಿದ್ದವರು ಹೋ ಎಂದು ಚಪ್ಪಾಳೆ ತಟ್ಟಿದರು. ತಾನೇ ತೋಡಿದ ಗುಂಡಿಯಲ್ಲಿ ಬಾಸ್ತಿಯಾನೋ ಕತ್ತಿನವರೆಗೆ ಇಳಿದಿದ್ದ.

ಭಾನುವಾರ ಬೆಳಿಗ್ಗೆ ಪಿತ್ಸೋದ ಬೆಸ್ತರು ದೋಣಿಗಳನ್ನೆಲ್ಲ ಮರಳಿಗೆ ಎಳೆದು ಮಗುಚಿಹಾಕಿದ್ದರು. ಕೊಲ್ಲಿಯ ಮೇಲೆ ಮೋಡ ಇಳಿಬಿದ್ದಿತ್ತು. ಕಡಲು ಸೀಸದ ತಗಡಿನ ಹಾಗೆ ಅಲ್ಲಾಡದೆ ಮಲಗಿತ್ತು. ಚೆಟ್ಟಿನಾ, ಫುಲ್ವಿಯೋ ಚರ್ಚಿನಲ್ಲಿದ್ದರು. ಮಾಸಿನೋ ದಕ್ಕೆಯಲ್ಲಿ ಎಂಜಿನ್ನಿಗೆ ಡೀಸೆಲ್ಲು ತುಂಬುತ್ತಿದ್ದ. ಮರುದಿನ ಅವನ ದೋಣಿಗೆ ಜರ್ಮನಿಯ ಪ್ರವಾಸಿಗರು ಬರುವವರಿದ್ದರು, ಇಂದೇ ಊರು ಸೇರಬೇಕಿತ್ತು.

ಬಾಸ್ತಿಯಾನೋ ಹತ್ತಿರ ಹೋಗಿ ನಿಂತ. ಹೇಳಿಯೇಬಿಟ್ಟ.

"ಮಾಸಿನೋ, ನಂಗೆ ಆ ಮಾತು ಗೊತ್ತಿಲ್ಲ. ಯಾವತ್ತೂ ಗೊತ್ತಿರ್ಲಿಲ್ಲ. ತಾತ ಹೇಳ್ಕೊಡೋ ಮುಂಚೆನೇ ಸತ್ತೋದ. ನಿಂಗೆ ಹೇಳ್ಕೊಟ್ಟಿದ್ದು ನಮ್ಮಜ್ಜಿ ಊಟ ಮಾಡಿಸೋವಾಗ ಹಾಡ್ತಿದ್ದ ಪದ."

ಮಾಸಿನೋ ನಕ್ಕ. "ಬೆಳಬೆಳಿಗ್ಗೆ ತಮಾಷೆ ಬೇಡ."

"ಬೆಕ್ಕಿಗೊಂದು ತುತ್ತು ಅಂತೆ, ಹಕ್ಕಿಗೊಂದು ತುತ್ತು ಅಂತೆ! ಮಂತ್ರ ಹೀಗಿರುತ್ತೇನೋ? ಸ್ವಲ್ಪ ಯೋಚ್ನೆ ಮಾಡೋ!"

ಮಾಸಿನೋನ ಮುಖ ಬಿಳಿಚಿಕೊಂಡಿತು. ಆದರೆ ಬಾಸ್ತಿಯಾನೋ ಅಂದುಕೊಂಡ ಕಾರಣಕ್ಕಲ್ಲ. "ಬಾಯಿ ಬಿಟ್ಟು ಹೇಳ್ಬಿಟ್ಟೆಯಲ್ಲೋ," ಎಂದ, ಸುತ್ತ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡುತ್ತ. "ಹಾಡುಹಗಲಲ್ಲಿ ಗಟ್ಟಿಯಾಗಿ ಹೇಳ್ಬಿಟ್ಟೆ. ಬೇಕಂತಲೇ ಹೇಳ್ದೆ. ಅದರ ಕಸುವು ಹೋಗ್ಲಿ ಅಂತ."

"ಅಯ್ಯೋ ದೇವ್ರೇ, ಕಸುವು ಇದ್ದರೆ ತಾನೇ ಹೋಗೋದು?"

"ನಿನ್ನೆ ಕತ್ತರಿಸಿದ್ದು ಯಾರು ಹಾಗಾದ್ರೆ? ನಿಮ್ಮಜ್ಜೀನಾ?"

"ತಾನಾಗೇ ಕಡೀತು."

"ತಾನಾಗೇ!" ಮಾಸಿನೋ ಡಬ್ಬಿ ನೆಲಕ್ಕೆ ಕುಕ್ಕಿದ. "ನಿನ್ನೆವರೆಗೆ ನೀನೊಬ್ನೇ ದೊಡ್ಡೋನು. ನೀನು ಬಂದ್ರೆ ಊರೆಲ್ಲ ದಾರಿ ಬಿಡೋದು. ನಾನು ಒಂದನ್ನ ಕತ್ತರಿಸಿದೆ, ಪಿತ್ಸೋದೋರೆಲ್ಲ ನನ್ನ ಬೆನ್ನು ತಟ್ಟಿದ್ರು, ನಿಂಗೆ ನಿದ್ದೆ ಬರ್ಲಿಲ್ಲ. ನನ್ನ ತಡೆಯೋಕೆ ಸುಸ್ತಾಗುತ್ತೆ ಅಂದೆ, ಅದು ನಡೀಲಿಲ್ಲ. ಈಗ ಸುಳ್ಳು ಅಂತೀಯ. ಹೊಟ್ಟೆಕಿಚ್ಚು ಕಣೋ ನಿಂಗೆ!"

ಬಾಸ್ತಿಯಾನೋ ತಾತನ ಗೋರಿಯ ಮೇಲೆ ಆಣೆ ಮಾಡಿದ. ತನ್ನ ತಾಯಿಯ ಮೇಲೆ ಆಣೆ ಮಾಡಿದ. ಎದೆ ಬಡಿದುಕೊಂಡ. ಸುಳ್ಳನ್ನು ಒಂದು ತಲೆ ಆಡಿಸಿದ್ದಕ್ಕೆ ನಂಬಿದ ಜನ, ನಿಜವನ್ನು ಇಷ್ಟು ಆಣೆಗೂ ನಂಬಲಿಲ್ಲ. ನಂಬುವುದಾದರೆ ಮಾಸಿನೋ ಏನೇನನ್ನು ಕಳೆದುಕೊಳ್ಳಬೇಕಿತ್ತು ನೋಡಿ: ನಿನ್ನೆಯ ಗೆಲುವು, ದೋಣಿ ನಡೆಸುವ ಎದೆಗಾರಿಕೆ, ಹೆಂಡತಿಯ ನಿದ್ದೆ, ಎಲ್ಲವನ್ನೂ. ಯಾರಾದರೂ ಕೊಡುತ್ತಾರೆಯೇ?

"ಸರಿ. ನೀನು ಹೋಗೋದಾದ್ರೆ ಹೋಗು. ಚೆಟ್ಟಿನಾನ ಕರ್ಕೊಂಡು ಹೋಗ್ಬೇಡ," ಎಂದು ಕೊನೆಗೆ ಕೈ ಮುಗಿದ. "ಬಸುರಿ ಅವಳು. ಅದೊಂದು ಮಾತು ನಡ್ಸಿಕೊಡೋ."

ಮಾಸಿನೋ ತುಸು ಹೊತ್ತು ಮೋಡ ನೋಡಿದ. "ರೈಲಲ್ಲಿ ಕರ್ಕೊಂಡು ಬಾ ಅವಳನ್ನ. ನಿನ್ನ ಜೊತೆ ಒಂದೇ ದೋಣೀಲಿ ಇವತ್ತು ನಾನು ಕೂರಲ್ಲ. ಬಾಯಿಬಿಟ್ಟೋನು ನೀನು, ಕಸುವು ಹೋದ್ರೆ ನಿಂದು ಹೋಗುತ್ತೆ, ನಂದಲ್ಲ," ಎಂದ. ಆಮೇಲೆ ಬೆರಳೆತ್ತಿದ. "ಆದ್ರೆ ಅವಳಿಗೆ ಈ ಕೊಳಕು ಮಾತು ಹೇಳ್ಬೇಡ. ಹುಟ್ಟೋ ಮಗು ಮೇಲಾಣೆ. ನನ್ನ ಹೆಂಡ್ತಿ ನಿದ್ದೆ ಕೆಡಿಸ್ಬೇಡ."

"ಹೇಳಲ್ಲ," ಎಂದ ಬಾಸ್ತಿಯಾನೋ. ಮತ್ತೊಂದು ಸಲ ತಲೆ ಆಡಿಸಿದ.

ಚರ್ಚಿನಿಂದ ಜನ ಇಳಿದು ಬರುವ ಹೊತ್ತಿಗೆ ದೋಣಿ ದಕ್ಕೆ ಬಿಟ್ಟಾಗಿತ್ತು. "ಅಲೆ ಏಳಬಹುದು, ಹೊಟ್ಟೆ ಕುಲುಕೋದು ಬೇಡ ಅಂದ," ಎಂದು ಬಾಸ್ತಿಯಾನೋ ಹೇಳಿದ. ಚೆಟ್ಟಿನಾ ಮುಖ ಊದಿಸಿಕೊಂಡಳು. "ನಂಗೊಂದು ಮಾತೂ ಹೇಳ್ದೆ ಹೋದ್ನಾ? ಮನೆಗೆ ಹೋಗ್ಲಿ, ಇದೆ ಅವನಿಗೆ!" ಎಂದು ಗೊಣಗುತ್ತ ಕೈ ಬೀಸಿದಳು. ದೂರದಲ್ಲಿ ಮಾಸಿನೋನೂ ಟೋಪಿ ತೆಗೆದು ಬೀಸಿದ.

ರೈಲಿಗೆ ಇನ್ನೂ ಹೊತ್ತಿತ್ತು. ದಕ್ಕೆಯ ಕಲ್ಲುಕಟ್ಟೆಯ ಮೇಲೆ ಕೂತರು. ಭಾನುವಾರದ ಬಟ್ಟೆ ತೊಟ್ಟ ಜನ ಊಟಕ್ಕೆ ಮುಂಚೆ ಗಾಳಿ ಸೇವಿಸಲು ಅಲ್ಲೇ ತಿರುಗಾಡುತ್ತಿದ್ದರು. ನಿನ್ನೆಯ ಇಸ್ಪೀಟಿನ ಮುದುಕರು ಬಾಸ್ತಿಯಾನೋನನ್ನು ಗುರುತು ಹಿಡಿದು ಟೋಪಿ ಎತ್ತಿದರು. ಅವನು ಯಾರನ್ನೂ ನೋಡಲಿಲ್ಲ. ಅವನ ಕಣ್ಣು ಆ ಸಣ್ಣ ನೀಲಿ ದೋಣಿಯ ಮೇಲೆ ನೆಟ್ಟಿತ್ತು. ಹೋಗು, ಬೇಗ ಹೋಗು, ದಡ ಹಿಡಿದುಕೊಂಡು ಹೋಗು ಎಂದು ಒಳಗೊಳಗೇ ಬೇಡುತ್ತಿದ್ದ. ದೋಣಿ ದಡ ಹಿಡಿಯಲಿಲ್ಲ. ಕೊಲ್ಲಿಯ ನಡುವಿಗೇ ಹೋಯಿತು, ಯಾರಿಗೋ ತೋರಿಸಬೇಕೆಂದು ಹೋದ ಹಾಗೆ.

ಯಾರಿಗೆ ಎನ್ನುವುದು ಬಾಸ್ತಿಯಾನೋನಿಗೆ ಗೊತ್ತಿತ್ತು.

ಬಾಲ ಈ ಸಲ ಸದ್ದಿಲ್ಲದೆ ಇಳಿಯಲಿಲ್ಲ. ಮೋಡದೊಳಗೆ ಯಾರೋ ದೊಡ್ಡ ಮೇಜು ಎಳೆದಂಥ ಸದ್ದಾಯಿತು, ತಿರುಗಾಡುತ್ತಿದ್ದವರೆಲ್ಲ ನಿಂತರು. ಇದು ನಿನ್ನೆಯಂಥ ಎಳೆಯಲ್ಲ. ಇಳಿದದ್ದೇ ಕಂಬವಾಗಿ ಇಳಿಯಿತು, ಕರ್ರಗೆ, ದಪ್ಪಗೆ. ನೀರು ಮುಟ್ಟಿದಲ್ಲಿ ಕಡಲು ಎದ್ದು ನಿಂತಿತು. ಅದು ದೋಣಿಯ ಕಡೆಗೆ ಆತುರವಿಲ್ಲದೆ ನಡೆದು ಬರುತ್ತಿತ್ತು.

"ತಿರುಗಿಸ್ತಾನೆ," ಎಂದ ಫುಲ್ವಿಯೋ. "ಹೊತ್ತಿದೆ. ಈಗ ತಿರುಗಿಸಿದ್ರೆ ದಡ ಸಿಗುತ್ತೆ."

ದೋಣಿ ತಿರುಗಲಿಲ್ಲ. ಎಂಜಿನ್ನಿನ ಸದ್ದು ನಿಂತಿತು. ಮೂತಿಯಲ್ಲಿ ಕಡ್ಡಿಯಷ್ಟು ಸಣ್ಣ ಆಕೃತಿಯೊಂದು ಎದ್ದು ನಿಂತು ಕೈ ಮೇಲೆತ್ತಿತು.

ಚೆಟ್ಟಿನಾ ಬಾಸ್ತಿಯಾನೋನ ತೋಳು ಹಿಡಿದಳು. ಅವಳ ಉಗುರು ಅಂಗಿ ದಾಟಿ ಚರ್ಮಕ್ಕೆ ಇಳಿಯಿತು. "ನೀನೇ ಅಂದ್ಯಲ್ಲೋ ನಿನ್ನೆ, ಒಂದ್ಸಲ ಕತ್ತರಿಸಿದ್ರೆ ಆಮೇಲೆ ಆಗಲ್ಲ ಅಂತ. ಅವನ ಕೈಲಿ ಆಗಲ್ಲ! ನೀನು ಕತ್ತರಿಸು. ನಿಂದಿನ್ನೂ ಹಾಗೇ ಇದೆ. ಇಲ್ಲಿಂದಲೇ ಕತ್ತರಿಸು ಬಾಸ್ತಿ!"

"ಚೆಟ್ಟಿನಾ, ನಾನು..."

"ನಿನ್ನ ಕಾಲಿಗೆ ಬೀಳ್ತೀನಿ!" ಎಂದು ಆ ತುಂಬಿದ ಹೊಟ್ಟೆ ಹೊತ್ತುಕೊಂಡು ನಿಜವಾಗಿ ಕಲ್ಲಿನ ಮೇಲೆ ಮಂಡಿಯೂರಿದಳು.

ಸುತ್ತ ಜನ ಸೇರಿದರು. ಕಾಲಾನೇರಾದವನು, ಕಾರ್ಮೆಲೋನ ಮೊಮ್ಮಗ, ಮಾತು ಬಲ್ಲವನು ಎಂದು ಒಬ್ಬರಿಂದೊಬ್ಬರಿಗೆ ಪಿಸುಮಾತು ಹರಿಯಿತು. ಜಾಗ ಬಿಟ್ಟರು. ಹೇಳಿಬಿಡಬೇಕು, ಈಗಲಾದರೂ. ಆದರೆ ಹೇಳಿದರೆ? ಮಂಡಿಯೂರಿದ ಆ ಹೆಂಗಸಿಗೆ, ನಿನ್ನ ಗಂಡನ ಕೈಯಲ್ಲಿರುವುದು ಊಟದ ಪದ, ನನ್ನ ಕೈಯಲ್ಲೂ ಅದೇ, ಅವನನ್ನು ಉಳಿಸಲು ಈ ಲೋಕದಲ್ಲಿ ಏನೂ ಇಲ್ಲ ಎಂದು ಯಾವ ಬಾಯಲ್ಲಿ ಹೇಳುವುದು?

"ಬೇಗ ಬಾಸ್ತಿ," ಎಂದ ಫುಲ್ವಿಯೋ ಕಿವಿಯ ಹತ್ತಿರ. ನಂಬದವನು. "ಬೇಗ ಮಾಡೋ, ದಮ್ಮಯ್ಯ."

ಬಾಸ್ತಿಯಾನೋ ಜೇಬಿನಿಂದ ತಾತ ಬಿಟ್ಟುಹೋಗಿದ್ದ ಕರಿ ಹಿಡಿಯ ಚಾಕು ತೆಗೆದ. ಕೈ ಮೇಲೆತ್ತಿದ. ದೇವರ ಹೆಸರು ನೆನೆಯಲು ಹೋದ, ಬರಲಿಲ್ಲ. ತಾತನ ಮುಖ ನೆನೆಯಲು ಹೋದ, ಅದೂ ಬರಲಿಲ್ಲ. ಬಂದದ್ದು ಒಂದೇ. ಅಷ್ಟು ಜನರ ಮುಂದೆ ಅವನ ತುಟಿಗಳು ಆಡತೊಡಗಿದವು. ಬೆಕ್ಕಿಗೊಂದು ತುತ್ತು. ಅತ್ತ ಕೊಲ್ಲಿಯ ನಡುವೆ ಕೈಯೆತ್ತಿ ನಿಂತವನ ತುಟಿಗಳೂ ಅದನ್ನೇ ಹೇಳುತ್ತಿದ್ದವು, ಅವನಿಗೆ ಗೊತ್ತು. ಹಕ್ಕಿಗೊಂದು ತುತ್ತು. ಕಂಬ ದೋಣಿಯನ್ನು ಮುಟ್ಟಿತು. ಮಿಕ್ಕಿದ್ದೆಲ್ಲ. ನೀಲಿ ಬಣ್ಣ ಒಂದು ಸಲ ಮೇಲೆದ್ದಂತೆ ಕಂಡಿತು, ಆಮೇಲೆ ಬಿಳಿ ನೀರು ಬಿಟ್ಟರೆ ಏನೂ ಕಾಣಲಿಲ್ಲ. ಬಾಸ್ತಿಯಾನೋ ಕುರುಡನಂತೆ ಚಾಕು ಬೀಸಿದ. ಅಡ್ಡ ಬೀಸಿದ, ಉದ್ದ ಬೀಸಿದ.

ಕಂಬ ನಡುವಲ್ಲಿ ಬಾಗಿತು. ಸಣ್ಣಗಾಗಿ, ತುಂಡಾಗಿ, ಸುರಿದುಹೋಯಿತು.

"ಕತ್ತರಿಸಿದ!" ಎಂದು ಯಾರೋ ಕೂಗಿದರು. "ಕತ್ತರಿಸಿದ! ನಾ ಕಣ್ಣಾರೆ ನೋಡ್ದೆ!" ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಒಬ್ಬ ಮುದುಕ ಬಂದು ಬಾಸ್ತಿಯಾನೋನ ಚಾಕು ಹಿಡಿದ ಕೈಗೇ ಮುತ್ತಿಟ್ಟ. ಕಡಲು ಮತ್ತೆ ಮಟ್ಟಸವಾಯಿತು. ಈ ಕಡೆಯಿಂದ ಆ ಕಡೆಯವರೆಗೆ ಖಾಲಿ ನೀರು. ಒಬ್ಬೊಬ್ಬರಾಗಿ ಅದನ್ನು ಕಂಡರು, ಕೂಗು ನಿಂತಿತು. ಮರಳಿನ ಮೇಲಿದ್ದ ದೋಣಿಗಳ ಕಡೆಗೆ ಬೆಸ್ತರು ಓಡಿದರು, ಅವರ ಹಿಂದೆ ಫುಲ್ವಿಯೋ ಓಡಿದ.

"ಒಂದು ಚೂರು ತಡವಾಯ್ತು ಮಗಾ," ಎಂದ ಮುದುಕ ಮೆಲ್ಲಗೆ, ಕೈ ಬಿಡುತ್ತ. "ಇನ್ನೊಂದು ಚೂರು ಮುಂಚೆ ಶುರು ಮಾಡ್ಬೇಕಿತ್ತು."

ಚೆಟ್ಟಿನಾ ಅಳಲಿಲ್ಲ. ಮಂಡಿಯ ಮೇಲೆಯೇ ಕೂತು, ಒಂದು ಕೈ ಹೊಟ್ಟೆಯ ಮೇಲಿಟ್ಟು, ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು.

"ನಿಂಗೆ ಮಾತು ಗೊತ್ತಿತ್ತಲ್ಲೋ," ಎಂದಳು. "ಯಾಕೋ ತಡ ಮಾಡ್ದೆ?"